ಮುಳ್ಳಕ್ಕನ ಒಂಬತ್ತು ಸಾವಿರ ಸುತ್ತು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಉದ್ದ ಕತ್ತಿನ ದೀಪವೊಂದು ಉರಿಯುತ್ತಿದೆ. ಅದರ ಬೆಳಕಿನಲ್ಲಿ, ಮಡಿಸಿದ ಕಂಬಳಿಯ ಮೇಲೆ, ಮಂದ್ರ ಸ್ವರಗಳನ್ನು ನುಡಿಸುವ ಬಾಸ್ ಗಿಟಾರ್ ಒಂದು ಅಂಗಾತ ಮಲಗಿದೆ. ಅದರ ಮೇಲೆ ಬಗ್ಗಿರುವ ಐವತ್ನಾಲ್ಕರ ಹೆಂಗಸು ಎಡಗೈ ಬೆರಳನ್ನು ತುಟಿಗೆ ಒತ್ತಿ, ಕೋಣೆಯಲ್ಲಿರುವವರಿಗೆಲ್ಲ ಉಸಿರೆತ್ತಬೇಡಿ ಎಂದು ಸನ್ನೆ ಮಾಡುತ್ತಾರೆ. ಬಲಗೈಯಲ್ಲಿ ಸ್ಕ್ರೂಡ್ರೈವರ್. ಅದರ ಉಕ್ಕಿನ ತುದಿಯನ್ನು ಗಿಟಾರಿನ ತಂತಿಗಳ ಕೆಳಗಿರುವ ಕಪ್ಪು ಪಟ್ಟಿಯ ಮೇಲೆ ಮೆಲ್ಲಗೆ ಊರುತ್ತಾರೆ, ಟಕ್ಕನೆ ಎತ್ತುತ್ತಾರೆ. ಪಕ್ಕದಲ್ಲಿಟ್ಟ ಹಳೆಯ ಮೀಟರಿನ ಮುಳ್ಳು ಒಮ್ಮೆ ಬಲಕ್ಕೆ ಹಾರಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಗಿಟಾರಿನ ಮೇಲಿರುವ ಎರಡು ಗುಂಡಿಗಳಲ್ಲಿ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದು, ಎರಡನೆಯ ಕಪ್ಪು ಪಟ್ಟಿಯ ಮೇಲೆ ಅದನ್ನೇ ಮಾಡುತ್ತಾರೆ. ಈ ಸಲ ಮುಳ್ಳು ಎಡಕ್ಕೆ ಹಾರುತ್ತದೆ.

“ನೋಡಿದ್ಯಾ? ಒಂದು ಆ ಕಡೆ, ಒಂದು ಈ ಕಡೆ. ಗಂಡ ಹೆಂಡ್ತಿ ಮಾತು ಬಿಟ್ಟಿದಾರೆ. ಒಬ್ಬೊಬ್ರನ್ನೇ ಕೇಳಿದ್ರೆ ಇಬ್ರೂ ಒಳ್ಳೆಯವರೇ.”

ಈ ಊರಿನ ವಾದ್ಯದಂಗಡಿಗಳಲ್ಲಿ, ಬ್ಯಾಂಡ್‌ಗಳಲ್ಲಿ, ಧ್ವನಿಮುದ್ರಣದ ಕೋಣೆಗಳಲ್ಲಿ ಇವರನ್ನು ಎಲ್ಲರೂ ಮುಳ್ಳಕ್ಕ ಎಂದೇ ಕರೆಯುತ್ತಾರೆ. ಸ್ವಭಾವ ನೋಡಿ ಇಟ್ಟ ಹೆಸರಲ್ಲ. ಎಲ್ಲರ ಕೈಯಲ್ಲೂ ಅಂಕಿ ತೋರಿಸುವ ಮೀಟರ್ ಬಂದು ಎಷ್ಟೋ ವರ್ಷಗಳಾದರೂ ಇವರು ಮುಳ್ಳಿನ ಮೀಟರನ್ನು ಬಿಟ್ಟಿಲ್ಲ. ಕಾರಣವನ್ನು ಒಂದೇ ಉಸಿರಿಗೆ ಹೇಳುತ್ತಾರೆ: “ಅಂಕಿ ಮೀಟರ್ ಎಷ್ಟು ಅಂತ ಹೇಳುತ್ತೆ. ನನಗೆ ಯಾವ ಕಡೆ ಅಂತ ಬೇಕು. ಅದಕ್ಕೆ ಮುಳ್ಳೇ ಸರಿ.”

ಆ ಬಾಸ್ ಗಿಟಾರಿನ ಒಡತಿ ಕೋಣೆಯ ಮೂಲೆಯಲ್ಲಿ, ಮಗುಚಿ ಹಾಕಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕೂತಿದ್ದಾರೆ. ವಯಸ್ಸು ಮೂವತ್ತನಾಲ್ಕು. ಬೇಕರಿಯೊಂದರ ರಾತ್ರಿ ಪಾಳಿಯಲ್ಲಿ ಬ್ರೆಡ್ಡಿನ ಹಿಟ್ಟು ನಾದುವ ಕೆಲಸ. ಪಾಳಿ ಮುಗಿಸಿ ಸೀದಾ ಇಲ್ಲಿಗೆ ಬಂದಿದ್ದಾರೆ. ಹುಬ್ಬಿನ ಮೇಲೆ ಇನ್ನೂ ಮೈದಾ ಇದೆ. ಮುಳ್ಳಕ್ಕ ಇವರನ್ನು ಬೇಕರಿ ತಂಗಿ ಎನ್ನುತ್ತಾರೆ. ಹನ್ನೆರಡು ವರ್ಷದಿಂದ ಸಿಕ್ಕ ಸಿಕ್ಕ ಬ್ಯಾಂಡಿನಲ್ಲಿ ಬಾಸ್ ನುಡಿಸಿದ ತಂಗಿಗೆ ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಒಂದು ಪರೀಕ್ಷೆ ಇದೆ. ಊರಿನ ದೊಡ್ಡ ರಂಗಮಂದಿರದ ವಾದ್ಯವೃಂದದಲ್ಲಿ ಬಾಸ್ ನುಡಿಸುವವರ ಜಾಗ ಹದಿನೆಂಟು ವರ್ಷದ ನಂತರ ಖಾಲಿಯಾಗಿದೆ. ಅದು ಕಾಯಂ ಕೆಲಸ. ವೇದಿಕೆಯ ಮೇಲೆ ಹತ್ತು ನಿಮಿಷ ನುಡಿಸಬೇಕು, ಮೂವರು ಕೇಳುತ್ತಾರೆ. ಸಿಕ್ಕರೆ ರಾತ್ರಿ ಪಾಳಿಗೆ ಕೊನೆಯ ನಮಸ್ಕಾರ. ತಪ್ಪಿದರೆ ಆ ಕುರ್ಚಿ ಮತ್ತೆ ಯಾವಾಗ ಖಾಲಿಯಾಗುತ್ತದೋ ಯಾರಿಗೂ ಗೊತ್ತಿಲ್ಲ.

ನಿನ್ನೆ ಸಂಜೆ ಅಭ್ಯಾಸಕ್ಕೆಂದು ಅದೇ ವೇದಿಕೆಗೆ ಹೋದಾಗ ತೊಂದರೆ ಗೊತ್ತಾಯಿತು. ವೇದಿಕೆಯ ದೀಪಗಳನ್ನು ಮಂದ ಮಾಡುವ ಯಂತ್ರಗಳಿಂದ ಗುಂಯ್ ಎಂಬ ಗುನುಗು ಗಿಟಾರಿನೊಳಗೆ ನುಗ್ಗುತ್ತದೆ. ಎರಡು ಪಿಕಪ್ ಇರುವ ಬಾಸ್‌ನಲ್ಲಿ ಎರಡನ್ನೂ ಒಟ್ಟಿಗೆ ತೆರೆದರೆ ಅದು ಅಡಗಬೇಕು. ಅಂಥ ವೇದಿಕೆಯಲ್ಲಿ ನುಡಿಸುವವರೆಲ್ಲ ಮಾಡುವುದು ಅದನ್ನೇ. ತಂಗಿಯ ಬಾಸ್‌ನಲ್ಲಿ ಆಗಿದ್ದು ಅದರ ವಿರುದ್ಧ.

“ಒಂದೊಂದೇ ಹಾಕಿದ್ರೆ ಚೆನ್ನಾಗೇ ಇದೆ ಅಕ್ಕ. ಎರಡೂ ಹಾಕಿದ ತಕ್ಷಣ ಗುಂಯ್ ಅನ್ನೋದು ಇನ್ನೂ ಜೋರಾಯ್ತು, ಬಾಸ್ ಮಾತ್ರ ಮಾಯ. ಖಾಲಿ ಡಬ್ಬ ಬಡಿದ ಹಾಗೆ. ಡ್ರಮ್ಮಿನವನು, ‘ಬಾಸ್ ಮನೇಲೇ ಬಿಟ್ಟು ಬಂದ್ಯಾ’ ಅಂದ. ಎಲ್ಲರ ಮುಂದೆ.”

“ಮನೇಲಿ ಗೊತ್ತಾಗ್ಲಿಲ್ವಾ?”

“ಮನೇಲಿ ಮುಂದಿನ ಪಿಕಪ್ ಒಂದರಲ್ಲೇ ಅಭ್ಯಾಸ ಮಾಡ್ತೀನಿ. ಜೋರಾಗಿ ಹಾಕಿದ್ರೆ ಪಕ್ಕದ ಮನೆಯವರು ಗೋಡೆ ಗುದ್ದುತಾರೆ.”

ಪಿಕಪ್ ಎಂದರೆ ತಂತಿಗಳ ಕೆಳಗೆ ಕೂತಿರುವ ಆ ಕಪ್ಪು ಪಟ್ಟಿ. ಒಳಗೆ ಅಯಸ್ಕಾಂತದ ಎಂಟು ಗಿಡ್ಡ ಕಡ್ಡಿಗಳು, ಅವುಗಳ ಸುತ್ತ ತಲೆಗೂದಲಿಗಿಂತ ತೆಳ್ಳಗಿನ ತಾಮ್ರದ ಎಳೆಯ ಸುರುಳಿ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಅದೇ ಸ್ಪೀಕರಿನಲ್ಲಿ ನಾದವಾಗುತ್ತದೆ. ಎರಡು ಪಿಕಪ್‌ಗಳು ಒಂದೇ ತಂತಿಯನ್ನು ಎರಡು ಜಾಗದಿಂದ ಕೇಳಿಸಿಕೊಳ್ಳುತ್ತವೆ. ತಂತಿ ಮೇಲೆದ್ದಾಗ ಎರಡೂ ‘ಮೇಲೆ’ ಎನ್ನಬೇಕು. ಒಂದು ‘ಮೇಲೆ’ ಎಂದು ಇನ್ನೊಂದು ‘ಕೆಳಗೆ’ ಎಂದರೆ ಕೆಲಸ ಕೆಟ್ಟಂತೆ. ತೊಟ್ಟಿಲ ಒಂದೇ ಬದಿಗೆ ಇಬ್ಬರು ನಿಂತು, ಒಬ್ಬರು ತಳ್ಳುವ ಹೊತ್ತಿಗೆ ಸರಿಯಾಗಿ ಇನ್ನೊಬ್ಬರು ಎಳೆದರೆ ತೊಟ್ಟಿಲು ಅಲ್ಲಾಡುವುದೇ ಇಲ್ಲ. ರಿಪೇರಿಯವರ ಮಾತಿನಲ್ಲಿ ಇದು ‘ಫೇಸ್ ಉಲ್ಟಾ’.

ಇದರಲ್ಲಿ ಒಂದು ಸೊಗಸಾದ ಕ್ರೌರ್ಯವಿದೆ. ನಾದ ಪೂರ್ತಿ ಹೋಗುವುದಿಲ್ಲ, ಕೆಳಗಿನ ಸ್ವರಗಳು ಮಾತ್ರ ಹೋಗುತ್ತವೆ. ಗಂಭೀರ ಸ್ವರದ ಅಲೆ ತಂತಿಯ ಮೇಲೆ ಉದ್ದವಾಗಿರುವುದರಿಂದ ಎರಡು ಪಿಕಪ್‌ಗಳಿಗೂ ಅದು ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತದೆ, ಹಾಗಾಗಿ ಒಂದನ್ನೊಂದು ಪೂರ್ತಿ ಅಳಿಸಿಹಾಕುತ್ತವೆ. ಮೇಲಿನ ಕಿರು ಅಲೆಗಳು ಎರಡು ಜಾಗದಲ್ಲಿ ಬೇರೆ ಬೇರೆಯಾಗಿ ಇರುತ್ತವೆ, ಆದ್ದರಿಂದ ಅಷ್ಟಿಷ್ಟು ಉಳಿದುಕೊಳ್ಳುತ್ತವೆ. ಬೇರೆ ವಾದ್ಯಕ್ಕಾದರೆ ಅದೊಂದು ಬಣ್ಣ. ಬಾಸ್‌ಗೆ ಅದು ಉಸಿರನ್ನೇ ತೆಗೆದಂತೆ.

ಮುಳ್ಳಕ್ಕ ಇದನ್ನೆಲ್ಲ ಪುಸ್ತಕದಿಂದ ಕಲಿತವರಲ್ಲ. ಹತ್ತನೇ ತರಗತಿ ಮುಗಿಸಿ ರೇಡಿಯೋ ಕಾರ್ಖಾನೆಗೆ ಸೇರಿದರು. ಹದಿನಾರು ವರ್ಷ ಟ್ರಾನ್ಸ್‌ಫಾರ್ಮರ್ ಸುರುಳಿ ಸುತ್ತಿದರು. ನಲವತ್ತು ಹೆಂಗಸರು ಸಾಲಾಗಿ ಕೂರುತ್ತಿದ್ದ ಆ ಶೆಡ್ಡಿನಲ್ಲಿ ಎಳೆ ತುಂಡಾಗದಂತೆ ಸುತ್ತುವವರೆಂದರೆ ಇವರೇ ಎಂದು ಹೆಸರಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಒಂದು ವರ್ಷ ಕೈಗೆ ಕೆಲಸವಿಲ್ಲ. “ಬೆರಳು ಸುಮ್ನೆ ಇರ್ತಿರ್ಲಿಲ್ಲ. ಸೀರೆ ಅಂಚಿನ ದಾರ ಕಿತ್ತು ಪೆನ್ಸಿಲ್‌ಗೆ ಸುತ್ತುತಿದ್ದೆ. ಅತ್ತೆ ಹೆದರಿ ಡಾಕ್ಟರ ಹತ್ರ ಕರ್ಕೊಂಡು ಹೋದ್ರು,” ಎಂದು ನಗುತ್ತಾರೆ. ಒಂದು ದಿನ ಪಕ್ಕದ ಬೀದಿಯ ವಾದ್ಯದಂಗಡಿಯವರು ಸತ್ತ ಪಿಕಪ್ ಒಂದನ್ನು ತಂದು, ಇದನ್ನು ಸುತ್ತಲು ಆಗುತ್ತದೆಯೇ ಎಂದು ಕೇಳಿದರು. ಅದು ಮೊದಲನೆಯದು. ಇಪ್ಪತ್ತೆರಡು ವರ್ಷಗಳಲ್ಲಿ ಸಾವಿರದ ನೂರ ಹನ್ನೆರಡು ಸುರುಳಿಗಳು ಇವರ ಬೆರಳ ನಡುವೆ ಹಾದಿವೆ. ಪ್ರತಿಯೊಂದಕ್ಕೂ ರಟ್ಟಿನ ಹೊದಿಕೆಯ ಪುಸ್ತಕದಲ್ಲಿ ಒಂದು ಸಾಲು ಇದೆ: ಎಷ್ಟು ಸುತ್ತು, ಯಾವ ಎಳೆ, ಅಯಸ್ಕಾಂತದ ಯಾವ ಮುಖ ಮೇಲೆ, ಸುತ್ತಿದ್ದು ಬಲಕ್ಕೋ ಎಡಕ್ಕೋ.

ಇದಲ್ಲದೆ ದಿನಕ್ಕೆ ಮೂರೋ ನಾಲ್ಕೋ ವಾದ್ಯಗಳ ವೈರು, ಗುಂಡಿ, ಸಾಕೆಟ್ಟು. ಅಂಗಡಿಗಳು ತಂದು ಕೊಡುತ್ತವೆ, ಅಂಗಡಿಗಳೇ ಒಯ್ಯುತ್ತವೆ, ವಾದ್ಯದ ಬೆನ್ನಿಗೆ ತಮ್ಮ ಚೀಟಿ ಅಂಟಿಸುತ್ತವೆ. ಈ ಊರಿನಲ್ಲಿ ಮುದ್ರಣವಾದ ಎಷ್ಟೋ ಹಾಡುಗಳ ತಳಪಾಯದಲ್ಲಿ ಇವರ ಸುರುಳಿ ಇದೆ, ಹೆಸರು ಎಲ್ಲೂ ಇಲ್ಲ. ಅದರ ಬಗ್ಗೆ ಕೇಳಿದರೆ ಮುಳ್ಳಕ್ಕನಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. “ನನಗೆ ಒಂದು ಹಾಡು ನುಡಿಸೋಕೂ ಬರಲ್ಲ. ನನ್ನ ಹೆಸರು ಹಾಕಿ ಏನು ಮಾಡ್ತಾರೆ?”

ಈಗ ಆರೂ ಕಾಲು. ಫೇಸ್ ಉಲ್ಟಾ ಎಂಬುದು ಖಚಿತ. ಯಾಕೆ ಎಂಬುದು ಮುಂದಿನ ಪ್ರಶ್ನೆ. ಹಿಂದಿನ ಪಿಕಪ್ಪಿನ ಸುರುಳಿ ಹೋಗಿತ್ತೆಂದು ಎರಡು ವಾರದ ಹಿಂದೆ ಅಂಗಡಿಯವರು ಅದನ್ನಷ್ಟೇ ಬಿಚ್ಚಿ ತಂದಿದ್ದರು. ಮುಳ್ಳಕ್ಕ ಹೊಸದಾಗಿ ಸುತ್ತಿ ಕೊಟ್ಟಿದ್ದರು. ಅಂಗಡಿಯಲ್ಲೇ ಅದನ್ನು ಗಿಟಾರಿಗೆ ಕೂರಿಸಿ ಬೆಸುಗೆ ಹಾಕಿದ್ದಾರೆ.

“ಅಂಗಡಿಯವನು ವೈರು ಅದಲು ಬದಲು ಮಾಡಿರ್ತಾನೆ. ಅವನ ಬೆಸುಗೆ ನೋಡು, ಗುಬ್ಬಿ ಹಿಕ್ಕೆ ಹಾಕಿದ ಹಾಗಿದೆ,” ಎನ್ನುತ್ತಾ ಹಿಂಬದಿಯ ಮುಚ್ಚಳ ತೆಗೆಯುತ್ತಾರೆ. ಬೆಸುಗೆ ಕೆಟ್ಟದಾಗಿದೆ, ಆದರೆ ವೈರು ಸರಿಯಾಗಿಯೇ ಇದೆ. ಬಿಳಿಯದು ಗುಂಡಿಗೆ, ಕಪ್ಪು ‘ನೆಲ’ಕ್ಕೆ, ಅಂದರೆ ಅರ್ತಿಂಗಿಗೆ.

ಹಾಗಾದರೆ ಅಯಸ್ಕಾಂತ. ಮೇಜಿನ ಖಾನೆಯಿಂದ ಮಕ್ಕಳ ಆಟಿಕೆಯಷ್ಟು ಚಿಕ್ಕ ದಿಕ್ಸೂಚಿ ಹೊರಗೆ ಬರುತ್ತದೆ. ಮುಂದಿನ ಪಿಕಪ್ಪಿನ ಬಳಿ ತಂದಾಗ ಅದರ ಕೆಂಪು ತುದಿ ಪಿಕಪ್ಪಿನತ್ತ ವಾಲುತ್ತದೆ, ಹಿಂದಿನದರ ಬಳಿ ದೂರ ಸರಿಯುತ್ತದೆ. ಅಂದರೆ ಎರಡರ ಮುಖಗಳು ಪರಸ್ಪರ ವಿರುದ್ಧ. ಇದು ಸರಿಯೇ, ಹಾಗೇ ಇರಬೇಕು. ಅಯಸ್ಕಾಂತವೂ ವಿರುದ್ಧ, ಸುತ್ತಿದ ದಿಕ್ಕೂ ವಿರುದ್ಧ ಇದ್ದರೆ ಎರಡು ತಿರುವು ಸೇರಿ ತಂತಿಯ ನಾದ ಒಂದಾಗುತ್ತದೆ. ಹೊರಗಿನ ಗುಂಯ್‌ಗೆ ಅಯಸ್ಕಾಂತದ ಹಂಗಿಲ್ಲ, ಅದಕ್ಕೆ ಸುತ್ತಿನ ದಿಕ್ಕು ಮಾತ್ರ ಲೆಕ್ಕ. ಹಾಗಾಗಿ ಅದೊಂದೇ ಅಳಿದುಹೋಗುತ್ತದೆ. ಇಲ್ಲಿ ನಾದ ಅಳಿದು ಗುಂಯ್ ಇಮ್ಮಡಿಯಾಗಿದೆ. ಅಯಸ್ಕಾಂತ ಸರಿ, ವೈರು ಸರಿ. ಉಳಿದದ್ದು ಒಂದೇ, ಸುತ್ತು.

ಮುಳ್ಳಕ್ಕ ಪುಸ್ತಕ ತೆಗೆದು ಸಾವಿರದ ನೂರ ಹನ್ನೆರಡನೆಯ ಸಾಲಿಗೆ ಬೆರಳಿಡುತ್ತಾರೆ. ಅವರದೇ ದುಂಡು ಅಕ್ಷರದಲ್ಲಿ ‘ಎಡಕ್ಕೆ’ ಎಂದಿದೆ. ಎಡಕ್ಕೇ ಇರಬೇಕಿತ್ತು. ಅವರು ಮುಳ್ಳನ್ನು ನೋಡುತ್ತಾರೆ, ಪುಸ್ತಕವನ್ನು ನೋಡುತ್ತಾರೆ. ಪಿಕಪ್ಪನ್ನು ಹೊರತೆಗೆದು, ಸುರುಳಿಯ ಮೇಲಿನ ಟೇಪು ಬಿಡಿಸಿ, ಭೂತಗನ್ನಡಿ ಹಿಡಿದು ತಾಮ್ರದ ಕೊನೆಯ ಎಳೆ ಯಾವ ಕಡೆಯಿಂದ ಬಂದಿದೆ ಎಂದು ಹುಡುಕುತ್ತಾರೆ.

“ಬಲಕ್ಕೆ ಸುತ್ತಿದೆ,” ಎನ್ನುತ್ತಾರೆ ಕೊನೆಗೆ. ದನಿ ಸಣ್ಣದಾಗಿದೆ. “ನಾನೇ ಸುತ್ತಿದ್ದು.”

ಸುತ್ತುವ ಯಂತ್ರ ಕಿಟಕಿಯ ಪಕ್ಕದಲ್ಲಿದೆ. ಅದೂ ಅವರ ಕೈಯ ಕೆಲಸವೇ. ಹಳೆಯ ಹೊಲಿಗೆ ಯಂತ್ರದ ಮೋಟಾರು, ಅದರಿಂದ ಒಂದು ಬೆಲ್ಟು, ಬೆಲ್ಟಿನ ಇನ್ನೊಂದು ತುದಿಯಲ್ಲಿ ಸುರುಳಿ ಕೂರುವ ತಟ್ಟೆ. ಸುತ್ತು ಎಣಿಸಲು ಒಂದು ಜೇಬಿನ ಕ್ಯಾಲ್ಕುಲೇಟರ್. ತಟ್ಟೆ ಒಮ್ಮೆ ತಿರುಗಿದಾಗ ಅದರ ಗುಂಡಿ ಒಮ್ಮೆ ಒತ್ತಿದಂತಾಗಿ ಒಂದು ಕೂಡುತ್ತದೆ. ಎಡವೋ ಬಲವೋ ಅದಕ್ಕೆ ಗೊತ್ತಿಲ್ಲ, ಎರಡಕ್ಕೂ ಒಂದೇ ಕೂಡುತ್ತದೆ. ಎಡಕ್ಕೆ ಸುತ್ತಲು ಸ್ವಿಚ್ಚು ಕೆಳಗೆ, ಬಲಕ್ಕೆ ಮೇಲೆ. ಮುಳ್ಳಕ್ಕ ತಟ್ಟೆಯ ಅಂಚಿಗೆ ಸೀಮೆಸುಣ್ಣದ ಒಂದು ಗೆರೆ ಎಳೆದು, ಸ್ವಿಚ್ಚು ಕೆಳಗೆ ಮಾಡಿ, ಅತಿ ನಿಧಾನಕ್ಕೆ ಬಿಡುತ್ತಾರೆ. ಬಿಳಿ ಗೆರೆ ಬಲಕ್ಕೆ ಹೊರಡುತ್ತದೆ.

ಮೇಜಿನ ಕೆಳಗಿನ ಮರದ ಡಬ್ಬಿಯ ಮುಚ್ಚಳ ತೆಗೆದರೆ ಗುಟ್ಟು ಅಲ್ಲಿದೆ. ನೇರವಾಗಿ ಹೋಗಬೇಕಾದ ಬೆಲ್ಟು ನಡುವೆ ಅಡ್ಡ ಹಾಯ್ದು ಇಂಗ್ಲಿಷಿನ ಎಂಟರಂತೆ ಆಗಿದೆ. ಹಾಗೆ ಹಾಕಿದರೆ ತಟ್ಟೆ ಮೋಟಾರಿನ ವಿರುದ್ಧ ದಿಕ್ಕಿಗೆ ತಿರುಗುತ್ತದೆ.

“ರೀ, ಸ್ವಲ್ಪ ಇಲ್ಲಿ ಬನ್ನಿ.”

ಮಹಡಿಯ ಮೇಲಿನ ಮನೆಯಿಂದ ಚಹಾದ ಲೋಟ ಹಿಡಿದು ಗಂಡ ಇಳಿದು ಬರುತ್ತಾರೆ. ಮೂವತ್ತು ವರ್ಷ ಹಿಟ್ಟಿನ ಗಿರಣಿಯಲ್ಲಿ ಯಂತ್ರ ನೋಡಿಕೊಂಡು ನಿವೃತ್ತರಾದವರು.

“ಈ ಬೆಲ್ಟ್ ಮುಟ್ಟಿದ್ದು ಯಾರು?”

“ನಾನೇ. ಜಾರುತ್ತೆ ಜಾರುತ್ತೆ ಅಂತ ಆರು ತಿಂಗಳು ಗೊಣಗಿದ್ಯಲ್ಲ. ನೀನು ಕಣ್ಣಿನ ಆಪರೇಷನ್ ಆಗಿ ತವರುಮನೇಲಿದ್ದಾಗ ಸರಿ ಮಾಡ್ದೆ. ಅಡ್ಡ ಹಾಕಿದ್ರೆ ಹಿಡಿತ ಜಾಸ್ತಿ, ಗಿರಣೀಲಿ ಹಾಗೇ ಮಾಡ್ತಿದ್ವಿ. ಈಗ ಜಾರುತ್ತಾ?”

“ಜಾರಲ್ಲ.”

“ಮತ್ತೇನು?”

“ಉಲ್ಟಾ ತಿರುಗುತ್ತೆ.”

ಗಂಡ ಲೋಟವನ್ನು ಮೆಟ್ಟಿಲ ಮೇಲಿಟ್ಟು ಬಗ್ಗಿ ನೋಡುತ್ತಾರೆ. ಕಿವಿ ಕೆಂಪಾಗುತ್ತದೆ. “ಗಿರಣಿ ಕಲ್ಲಾಗಿದ್ರೆ ದಿಕ್ಕು ನೋಡದೆ ಕೈ ಹಾಕ್ತಿರ್ಲಿಲ್ಲ. ಇದು ದಾರದ ಉಂಡೆ ಥರ ಅಲ್ವಾ, ಯಾವ ಕಡೆ ಸುತ್ತಿದ್ರೇನು ಅಂದ್ಕೊಂಡೆ.”

“ಒಂದು ಮಾತು ಹೇಳ್ಬಾರ್ದಿತ್ತಾ?”

“ಜಾರೋದು ನಿಂತಿದೆ ಅಂತ ನೀನೇ ಗಮನಿಸ್ತೀಯ, ಖುಷಿ ಪಡ್ತೀಯ ಅಂದ್ಕೊಂಡಿದ್ದೆ. ಎರಡೂವರೆ ತಿಂಗಳಿಂದ ಕಾಯ್ತಾ ಇದೀನಿ.”

ಬೇಕರಿ ತಂಗಿ ಮುಖ ತಿರುಗಿಸಿ ನಗು ನುಂಗುತ್ತಾರೆ. ಮುಳ್ಳಕ್ಕನಿಗೆ ನಗು ಬರುವುದಿಲ್ಲ. ಆಪರೇಷನ್ನಿನ ನಂತರ ಸುತ್ತಿದ್ದು ಏಳು ಸುರುಳಿ. ಏಳೂ ತಿರುಗುಮುರುಗು.

ತಟ್ಟೆ ತಿರುಗುವಾಗ ಕಾಣಲಿಲ್ಲವೇ ಎಂದರೆ, “ಫ್ಯಾನು ಜೋರಾಗಿ ತಿರುಗೋವಾಗ ಯಾವ ಕಡೆ ಅಂತ ಹೇಳ್ತೀರಾ? ನಾನು ತಟ್ಟೆ ನೋಡಲ್ಲ, ಬೆರಳು ನೋಡ್ತೀನಿ,” ಎನ್ನುತ್ತಾರೆ. ಯಾರೂ ಕೇಳದಿದ್ದರೂ ಮುಂದುವರಿಸುತ್ತಾರೆ: “ಬೇರೆಯವರ ಕೆಲಸಕ್ಕೆಲ್ಲ ಮುಳ್ಳು ಹಿಡಿದೆ. ನಂದಕ್ಕೆ ಹಿಡೀಲಿಲ್ಲ. ಇಪ್ಪತ್ತೆರಡು ವರ್ಷ ತಪ್ಪಿರ್ಲಿಲ್ಲ, ಸೊಕ್ಕು ಬಂದಿತ್ತು.”

ಏಳು ಗಂಟೆ. ಇಂಥ ತಪ್ಪಿಗೆ ಐದು ನಿಮಿಷದ ಪರಿಹಾರವೊಂದಿದೆ: ಪಿಕಪ್ಪಿನ ಎರಡು ವೈರುಗಳನ್ನು ಅದಲು ಬದಲು ಮಾಡುವುದು. ಎಡ ಹೋಗಿ ಬಲವಾದದ್ದನ್ನು ಅದು ಮತ್ತೆ ಎಡ ಮಾಡಿದಂತೆ. ಮುಳ್ಳಕ್ಕ ಹಾಗೆಯೇ ಮಾಡುತ್ತಾರೆ. ಬೆಸುಗೆಯ ಹೊಗೆ ದೀಪದ ಸುತ್ತ ಸುಳಿಯುತ್ತದೆ. ಮೀಟರಿನ ಮುಳ್ಳು ಈಗ ಎರಡು ಸಲವೂ ಬಲಕ್ಕೇ ಹಾರುತ್ತದೆ. ತಂಗಿ ಗಿಟಾರ್ ಎತ್ತಿಕೊಂಡು ಎರಡೂ ಗುಂಡಿ ತೆರೆದು, ಅತಿ ಕೆಳಗಿನ ತಂತಿಯನ್ನು ಒಮ್ಮೆ ಮೀಟುತ್ತಾರೆ.

ಆ ಕ್ಷಣ ಕೋಣೆಯಲ್ಲಿ ಆಗುವುದನ್ನು ಕಿವಿಯೊಂದರಿಂದಲೇ ಕೇಳಿದೆವು ಎನ್ನಲಾಗದು. ಕಿಟಕಿಯ ಗಾಜು ಗುನುಗುತ್ತದೆ, ಮೊಳೆಯ ಡಬ್ಬಿಯೊಳಗಿನ ಮೊಳೆಗಳು ಸಣ್ಣಗೆ ಕುಣಿಯುತ್ತವೆ, ಮೆಟ್ಟಿಲ ಮೇಲಿಟ್ಟ ಲೋಟದ ಚಹಾದಲ್ಲಿ ಉಂಗುರಗಳೇಳುತ್ತವೆ. ಎದೆಯ ಗೂಡಿಗೆ ಯಾರೋ ಅಂಗೈ ಇಟ್ಟಂತೆ. ನಿನ್ನೆಯ ಖಾಲಿ ಡಬ್ಬ ಇದೇ ವಾದ್ಯವೇ ಎನಿಸುತ್ತದೆ. ಗುಂಯ್ ಇಲ್ಲವೇ ಇಲ್ಲ.

“ಬಂತಕ್ಕ, ಬಂತು,” ಎನ್ನುವ ತಂಗಿಯ ಕಣ್ಣು ತುಂಬಿದೆ. ಅವರು ನುಡಿಸುತ್ತಲೇ ಹೋಗುತ್ತಾರೆ. ಹೆಬ್ಬೆರಳನ್ನು ಹಿಂದಿನ ಪಿಕಪ್ಪಿನ ಮೇಲೆ ಊರಿಕೊಂಡು ಉಳಿದ ಬೆರಳುಗಳಲ್ಲಿ ಮೀಟುವುದು ಅವರ ಕ್ರಮ. ಹಾಗೆ ಊರಿದಾಗಲೆಲ್ಲ ‘ಚಿರ್’ ಎಂಬ ಕಿರುದನಿ. ಬೆರಳೆತ್ತಿದರೆ ಇಲ್ಲ, ಇಟ್ಟರೆ ಚಿರ್.

ಮುಳ್ಳಕ್ಕ ಇದನ್ನು ಮೊದಲೇ ನಿರೀಕ್ಷಿಸಿದ್ದರು. ವೈರು ಅದಲು ಬದಲಾದಾಗ ಸುರುಳಿಯ ಒಳತುದಿ, ಎಂದರೆ ಅಯಸ್ಕಾಂತಕ್ಕೆ ಅಂಟಿಕೊಂಡ ತುದಿ, ಸದ್ದು ಹೊರುವ ತುದಿಯಾಗುತ್ತದೆ. ಕಡ್ಡಿಯನ್ನು ಮುಟ್ಟಿದ ಬೆರಳೂ ಸದ್ದಿನೊಳಗೆ ಸೇರಿಕೊಳ್ಳುತ್ತದೆ.

“ಹೆಬ್ಬೆರಳು ಬೇರೆ ಕಡೆ ಇಡ್ತೀನಿ ಬಿಡಿ ಅಕ್ಕ.”

“ಇಡು ನೋಡೋಣ.”

ತಂಗಿ ಇಡುತ್ತಾರೆ. ಹಾಡಿನ ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಹೆಬ್ಬೆರಳು ತಾನಾಗಿ ವಾಪಸ್ ಬಂದಿದೆ. ಚಿರ್. ಇನ್ನೊಮ್ಮೆ ಪ್ರಯತ್ನ, ಮತ್ತೆ ಚಿರ್. ಹನ್ನೆರಡು ವರ್ಷದ ಅಭ್ಯಾಸ ಮೂರು ಗಂಟೆಯಲ್ಲಿ ಹೋಗುವುದಿಲ್ಲ. ಮುಳ್ಳಕ್ಕ ಗಡಿಯಾರ ನೋಡುತ್ತಾರೆ. ಏಳೂ ಇಪ್ಪತ್ತು.

“ಎಷ್ಟೊತ್ತಿಗೆ ಇಲ್ಲಿಂದ ಹೊರಡಬೇಕು?”

“ಒಂಬತ್ತೂ ಕಾಲಿಗೆ. ತಡ ಅಂದ್ರೆ ಒಂಬತ್ತೂ ಇಪ್ಪತ್ತು.”

“ಹಾಗಾದ್ರೆ ಬಿಚ್ಚಿ ಸುತ್ತುತೀನಿ.”

ತಂಗಿಗೆ ಗಾಬರಿ. ಈಗ ನುಡಿಯುತ್ತಿರುವ ಸುರುಳಿಯನ್ನು ಕಡಿದುಹಾಕಿ, ಹೊಸದು ಕೈಕೊಟ್ಟರೆ? ವೇದಿಕೆಗೆ ಒಂದೇ ಪಿಕಪ್ಪಿನ ಗಿಟಾರ್ ಹಿಡಿದು ಹೋಗಬೇಕಾಗುತ್ತದೆ. ಗಂಡನೂ, “ಇರೋದನ್ನ ಕೆಡಿಸ್ಕೋಬೇಡ ಕಣೇ,” ಎನ್ನುತ್ತಾರೆ.

“ನೀವು ಸುಮ್ನಿರಿ. ನೀವು ಸರಿ ಮಾಡಿದ್ದನ್ನ ನೋಡಿದೀವಲ್ಲ,” ಎಂದು ಅವರ ಬಾಯಿ ಮುಚ್ಚಿಸಿ, ಮುಳ್ಳಕ್ಕ ತಂಗಿಯ ಕಡೆ ತಿರುಗುತ್ತಾರೆ. “ಗಿಟಾರ್ ನಿಂದು. ಬೇಡ ಅಂದ್ರೆ ಮುಟ್ಟಲ್ಲ. ಆದ್ರೆ ಅಲ್ಲಿ ನಿಂತಾಗ ನಿನ್ನ ತಲೇಲಿ ಹಾಡು ಇರ್ಬೇಕು. ಹೆಬ್ಬೆರಳು ಇರ್ಬಾರ್ದು.”

ತಂಗಿ ಗಿಟಾರನ್ನು ಮತ್ತೆ ಮೇಜಿನ ಮೇಲೆ ಮಲಗಿಸುತ್ತಾರೆ.

ಬ್ಲೇಡಿನಿಂದ ಹಳೆಯ ಸುರುಳಿಯನ್ನು ಕತ್ತರಿಸಿ ತೆಗೆಯಲು ಹನ್ನೆರಡು ನಿಮಿಷ. ಅಷ್ಟರಲ್ಲಿ ಗಂಡ ಯಾರೂ ಹೇಳದೆ ಬೆಲ್ಟನ್ನು ನೇರ ಮಾಡಿ, ಜಾರದಂತೆ ಮೋಟಾರನ್ನು ಅರ್ಧ ಇಂಚು ಹಿಂದಕ್ಕೆ ಎಳೆದು ಬೋಲ್ಟ್ ಬಿಗಿದಿದ್ದಾರೆ. ಮುಳ್ಳಕ್ಕ ಸೀಮೆಸುಣ್ಣದ ಗೆರೆಯನ್ನು ಎರಡು ಸಲ ನೋಡಿ, ಎಡಕ್ಕೆ ಹೊರಡುತ್ತದೆ ಎಂದು ಖಾತ್ರಿ ಮಾಡಿಕೊಂಡು ಕೂರುತ್ತಾರೆ. ನಿಮಿಷಕ್ಕೆ ಆರುನೂರು ಸುತ್ತು. ಒಂಬತ್ತು ಸಾವಿರಕ್ಕೆ ಹದಿನೈದು ನಿಮಿಷ, ಎಳೆ ತುಂಡಾಗದಿದ್ದರೆ. ಎಳೆ ಅವರ ಹೆಬ್ಬೆರಳು ತೋರುಬೆರಳ ನಡುವಿನ ರೇಷ್ಮೆ ಚಿಂದಿಯೊಳಗಿಂದ ಹಾಯುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ದೀಪದ ಬೆಳಕಿನಲ್ಲಿ ಕೆಂಪಗೆ ಒಮ್ಮೊಮ್ಮೆ ಮಿಂಚುತ್ತದೆ, ಅಷ್ಟೇ. ಬೆರಳು ಮಾತ್ರ ಪಟ್ಟಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಸರಿಯುತ್ತಲೇ ಇರುತ್ತದೆ. ಬಿಗಿ ಹಿಡಿದರೆ ತುಂಡು, ಸಡಿಲ ಬಿಟ್ಟರೆ ಸಿಕ್ಕು.

ನಾಲ್ಕು ಸಾವಿರದ ಇನ್ನೂರ ಆರರಲ್ಲಿ ತಟ್ಟೆ ಹಗುರವಾಗಿ ತಿರುಗತೊಡಗುತ್ತದೆ. ತುಂಡಾಗಿದೆ.

ಗಂಟು ಹಾಕಿ ಮುಂದುವರಿಸಬಹುದು. ಹಾಗೆ ಮಾಡುವವರೂ ಇದ್ದಾರೆ. ಮುಳ್ಳಕ್ಕ ಬ್ಲೇಡಿಗೆ ಕೈ ಹಾಕುತ್ತಾರೆ. “ಅದು ಗಾಬರೀಲಿ ಸುತ್ತಿದ್ದು,” ಎಂದು, ಮತ್ತೆ ಕತ್ತರಿಸಿ, ಮತ್ತೆ ಸೊನ್ನೆಯಿಂದ ಶುರು ಮಾಡುತ್ತಾರೆ. ಎಂಟೂ ಹತ್ತು. ಈ ಸಲ ಅವರ ತುಟಿ ಅಲ್ಲಾಡುತ್ತಿದೆ. ಏನು ಹೇಳಿಕೊಳ್ಳುತ್ತಿದ್ದಿರಿ ಎಂದು ಆಮೇಲೆ ಕೇಳಿದಾಗ ನಾಚಿಕೊಂಡರು: ಕಾರ್ಖಾನೆಯ ಸಾಲಿನಲ್ಲಿ ಕೂರುತ್ತಿದ್ದ ನಲವತ್ತು ಹೆಂಗಸರ ಹೆಸರುಗಳನ್ನು ಕೂತ ಕ್ರಮದಲ್ಲೇ ಹೇಳಿಕೊಳ್ಳುತ್ತಿದ್ದರಂತೆ. ಆಗ ಕೈ ಸಮ ಬರುತ್ತದಂತೆ. ಐದು ಸಾವಿರ. ಏಳು ಸಾವಿರ. ಬೀದಿಯಲ್ಲಿ ಅಂಗಡಿಗಳ ಷಟರ್ ಏಳುವ ಸದ್ದು. ತಂಗಿ ಕ್ಯಾಲ್ಕುಲೇಟರಿನ ಮೇಲೆ ಕಣ್ಣು ನೆಟ್ಟು, ಹಿಟ್ಟು ಮೆತ್ತಿದ ಬೆರಳುಗಳನ್ನು ಹೆಣೆದುಕೊಂಡು ನಿಂತಿದ್ದಾರೆ. ಒಂಬತ್ತು ಸಾವಿರಕ್ಕೆ ಹತ್ತು ಸುತ್ತು ಇರುವಾಗ ಮೋಟಾರು ನಿಲ್ಲುತ್ತದೆ; ಕೊನೆಯ ಹತ್ತನ್ನು ಮುಳ್ಳಕ್ಕ ಕೈಯಿಂದ, ಒಂದೊಂದಾಗಿ ಸುತ್ತುತ್ತಾರೆ.

ಎಂಟೂ ಮೂವತ್ತೆರಡು. ತುದಿಗಳಿಗೆ ವೈರು, ಮೇಲೆ ಟೇಪು, ಒಳಗೆ ಬೆಸುಗೆ. ಸುರುಳಿಯನ್ನು ಕರಗಿದ ಮೇಣದಲ್ಲಿ ಅದ್ದಿ ಗಟ್ಟಿ ಮಾಡಲು ಸಮಯವಿಲ್ಲ. ಸ್ಕ್ರೂಡ್ರೈವರ್ ಊರಿ ಎತ್ತುತ್ತಾರೆ: ಮುಳ್ಳು ಬಲಕ್ಕೆ. ಇನ್ನೊಂದು: ಬಲಕ್ಕೆ. ತಂಗಿ ಹೆಬ್ಬೆರಳನ್ನು ಅದರ ಹಳೆಯ ಜಾಗದಲ್ಲಿ ಊರಿ ಮೀಟುತ್ತಾರೆ. ಮೊಳೆಗಳು ಕುಣಿಯುತ್ತವೆ, ಗಾಜು ಗುನುಗುತ್ತದೆ. ಚಿರ್ ಇಲ್ಲ.

“ಮುಖ ತೊಳ್ಕೊಂಡು ಹೋಗು. ಹುಬ್ಬೆಲ್ಲ ಹಿಟ್ಟು,” ಎನ್ನುವುದಷ್ಟೇ ಮುಳ್ಳಕ್ಕನ ಹಾರೈಕೆ. ಒಂಬತ್ತೂ ಕಾಲಿಗೆ ಗಂಡ ತಮ್ಮ ಸ್ಕೂಟರಿನ ಹಿಂದೆ ತಂಗಿಯನ್ನೂ ಗಿಟಾರನ್ನೂ ಕೂರಿಸಿಕೊಂಡು ಹೊರಡುತ್ತಾರೆ. ಪ್ರಾಯಶ್ಚಿತ್ತ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮುಳ್ಳಕ್ಕ ವಿಶ್ರಮಿಸುವುದಿಲ್ಲ. ಉಳಿದ ಆರು ಸುರುಳಿಗಳ ಸಾಲುಗಳಿಗೆ ಕೆಂಪು ಗೆರೆ ಎಳೆದು, ಫೋನ್ ಹಿಡಿದು ಕೂರುತ್ತಾರೆ. ಮೊದಲು ಅಂಗಡಿಯವರು. ಆ ಕಡೆಯ ದನಿ ಕೋಣೆಗೆಲ್ಲ ಕೇಳುವಷ್ಟು ಜೋರಾಗಿದೆ: “ಯಾರೂ ದೂರು ಹೇಳಿಲ್ಲ ಅಲ್ವಾ ಅಕ್ಕ, ನೀವ್ಯಾಕೆ ಕೆದಕ್ತೀರಿ? ಹೆಸರು ಕೆಡುತ್ತೆ.”

“ನನ್ನ ಹೆಸರು ಯಾರಿಗ್ರೀ ಗೊತ್ತು ಕೆಡೋಕೆ? ನಂಬರ್ ಕೊಡಿ.”

ಆರರಲ್ಲಿ ಎರಡು ಒಂದೇ ಬಾಸ್‌ನ ಜೋಡಿ. ಎರಡೂ ತಿರುಗುಮುರುಗಾದ್ದರಿಂದ ಅವುಗಳ ನಡುವೆ ಜಗಳವಿಲ್ಲ. ಒಂದು ಬಾಸ್‌ನಲ್ಲಿ ಇರುವುದೇ ಒಂದು ಪಿಕಪ್, ಜಗಳಕ್ಕೆ ಜೊತೆಯೇ ಇಲ್ಲ. ಒಬ್ಬರು ಎರಡನ್ನೂ ಒಟ್ಟಿಗೆ ತೆರೆಯುವುದೇ ಇಲ್ಲವಂತೆ. ಒಬ್ಬ ಗಿಟಾರಿನವನು ವಿಷಯ ಕೇಳಿ ದಿಗಿಲುಗೊಳ್ಳುತ್ತಾನೆ. ಮೂಗಿನಲ್ಲಿ ಹಾಡಿದಂಥ ಆ ತೆಳು ದನಿ ಅವನಿಗೆ ಬಹಳ ಇಷ್ಟವಾಗಿ, ಅದರಲ್ಲೇ ಎರಡು ಹಾಡು ಮಾಡಿದ್ದಾನೆ. “ದಯವಿಟ್ಟು ಸರಿ ಮಾಡ್ಬೇಡಿ ಅಕ್ಕ,” ಎಂದು ಅಂಗಲಾಚುತ್ತಾನೆ. ಮುಳ್ಳಕ್ಕ ಫೋನನ್ನು ಕಿವಿಯಿಂದ ದೂರ ಹಿಡಿದು ಅದನ್ನೇ ಒಮ್ಮೆ ನೋಡುತ್ತಾರೆ.

ಕೊನೆಯ ಕರೆ ಅರವತ್ತು ದಾಟಿದ ನಿವೃತ್ತ ಮೇಷ್ಟ್ರಿಗೆ. ಅವರೂ ಬಾಸ್ ನುಡಿಸುವವರೇ. ವಿಷಯ ಕೇಳಿ ಅವರು ಹೇಳುತ್ತಾರೆ: “ನನ್ನ ಬೆರಳಲ್ಲೇ ಶಕ್ತಿ ಹೋಯ್ತು ಅಂದ್ಕೊಂಡಿದ್ದೆ ಕಣಮ್ಮ. ಪೆಟ್ಟಿಗೇಲಿಟ್ಟು ಒಂದು ತಿಂಗಳಾಯ್ತು.” ಮುಳ್ಳಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಆಪರೇಷನ್ ಆದ ಕಣ್ಣನ್ನು ಉಜ್ಜಬಾರದೆಂದು ನೆನಪಾಗಿ ಕೈ ಕೆಳಗಿಳಿಸುತ್ತಾರೆ. “ನಿಮ್ಮ ಬೆರಳು ಸರಿ ಇದೆ ಸರ್. ನನ್ನ ಬೆಲ್ಟ್ ಅಡ್ಡ ಇತ್ತು. ನಾಳೆ ಬೆಳಿಗ್ಗೆ ತನ್ನಿ, ಮೊದಲು ನಿಮ್ಮದೇ.”

ಹನ್ನೆರಡೂಮುಕ್ಕಾಲಿಗೆ ಬೇಕರಿ ತಂಗಿಯ ಫೋನ್ ಬರುತ್ತದೆ. ಮಾತು ಒಂದರ ಮೇಲೊಂದು ಬೀಳುತ್ತಿದೆ. ಜಾಗ ಸಿಕ್ಕಿದೆ. ಗುರುವಾರದಿಂದಲೇ ಬರಬೇಕಂತೆ. ಎರಡನೆಯ ತುಣುಕು ನುಡಿಸುವಾಗ ದೀಪದವರು ಬೇಕೆಂದೇ ಎಲ್ಲ ದೀಪ ಮಂದ ಮಾಡಿ ಪರೀಕ್ಷಿಸಿದರಂತೆ. ಒಂದು ಗುಂಯ್ ಇಲ್ಲ. ಹೆಬ್ಬೆರಳಿನ ನೆನಪೇ ಬರಲಿಲ್ಲವಂತೆ.

“ಒಳ್ಳೇದಾಯ್ತು. ಗುರುವಾರಕ್ಕೆ ಮುಂಚೆ ಒಂದು ದಿನ ತಂದುಕೊಡು, ಮೇಣ ಹಾಕಿಲ್ಲ. ಜೋರಾಗಿ ನುಡಿಸಿದ್ರೆ ಕಿರುಚುತ್ತೆ,” ಎನ್ನುತ್ತಾರೆ ಮುಳ್ಳಕ್ಕ. ದನಿ ಸಾದಾ ಇದೆ, ಆದರೆ ಕಾಲಿನ ಹೆಬ್ಬೆರಳು ಮೇಜಿನ ಕೆಳಗೆ ತಾಳ ಹಾಕುತ್ತಿದೆ. ಇಪ್ಪತ್ತೆರಡು ವರ್ಷದಲ್ಲಿ ಇವರು ರಂಗಮಂದಿರದೊಳಗೆ ಒಮ್ಮೆಯೂ ಕಾಲಿಟ್ಟಿಲ್ಲ ಎಂಬುದು ತಂಗಿಗೆ ಸ್ಕೂಟರಿನ ಮೇಲೆ ಗಂಡನಿಂದ ಗೊತ್ತಾಗಿದೆ. ಮೊದಲ ಪ್ರದರ್ಶನಕ್ಕೆ ಇಬ್ಬರೂ ಬರಲೇಬೇಕು, ಮುಂದಿನ ಸಾಲಿನಲ್ಲಿ ನಡುವಿನ ಎರಡು ಸೀಟು ಕೇಳಿ ಇಟ್ಟಿದ್ದೇನೆ ಎಂದು ಹಟ ಹಿಡಿಯುತ್ತಾರೆ.

ಮುಳ್ಳಕ್ಕನ ಕಾಲಿನ ತಾಳ ನಿಲ್ಲುತ್ತದೆ.

“ಮುಂದೆ ಬೇಡ ಕಣೇ. ಮುಂದೆ ಕೂತ್ರೆ ಎಲ್ಲಾ ಕೇಳುತ್ತೆ, ಅದ್ರಲ್ಲೇನಿದೆ. ಎಲ್ಲಕ್ಕಿಂತ ಹಿಂದಿನ ಸಾಲು ಕೊಡು, ಗೋಡೆಗೆ ಒರಗಿ ಕೂರೋ ಹಾಗಿರ್ಲಿ. ಬಾಸ್ ಅಲ್ಲೀವರೆಗೂ ಬರುತ್ತಾ ನೋಡ್ಬೇಕು.”